ಎರಡು ಸೊಳ್ಳೆಗಳ ಲೇಖನ

ಮಲೇರಿಯ ಜ್ವರವು ಸೊಳ್ಳೆಯ ಕಡಿತದಿಂದ ಹರಡುತ್ತದೆಂಬ ಸಂಗತಿಯನ್ನು ಇಂದು ನಮ್ಮ ಪ್ರಾಥಮಿಕ ಶಾಲೆಯ ಬಾಲಕನೂ ಬಲ್ಲನು. ಪಾಠಪುಸ್ತಕದಲ್ಲಿ ಅದು ಒಂದೇ ವಾಕ್ಯ. ಉಪಾಧ್ಯಾಯರು ಓದಿಸುತ್ತಾರೆ, ಮಕ್ಕಳು ಒಪ್ಪಿಸುತ್ತಾರೆ, ಪರೀಕ್ಷೆಯಲ್ಲಿ ಬರೆದು ಒಂದು ಅಂಕವನ್ನು ಗಳಿಸುತ್ತಾರೆ. ಆದರೆ ಆ ಒಂದು ವಾಕ್ಯವು ಮೊದಲು ಯಾರ ಕೈಯಿಂದ, ಯಾವ ರೀತಿಯಲ್ಲಿ ಕಾಗದದ ಮೇಲೆ ಇಳಿಯಿತು, ಅದನ್ನು ಜಗತ್ತು ನಂಬುವಂತೆ ಮಾಡಲು ಬರೆದವನು ಏನೇನು ಎಚ್ಚರಿಕೆಗಳನ್ನು ವಹಿಸಿದನು ಎಂಬುದನ್ನು ನಾವು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ವೈದ್ಯಕೀಯ ಪತ್ರಿಕೆಗೆ ಒಂದು ಸಂಶೋಧನಾ ಲೇಖನವನ್ನು ಸಿದ್ಧಪಡಿಸುವುದೆಂದರೆ ಏನೆಂಬುದನ್ನು ತಿಳಿಯಲು ಈ ಚರಿತ್ರೆಗಿಂತ ಉತ್ತಮವಾದ ಪಾಠ ಇನ್ನೊಂದಿಲ್ಲ. ಅದರ ಒಂದು ಭಾಗ ನಡೆದುದು ನಮ್ಮ ಬೇರಿಕೆಗೆ ಬಹು ದೂರವಲ್ಲದ ಬೆಂಗಳೂರಿನಲ್ಲಿ ಎಂಬುದು ನಮಗೆ ಇನ್ನಷ್ಟು ಸಂತೋಷದ ವಿಷಯ.

ಆ ಕಾಲದಲ್ಲಿ ನಮ್ಮ ಹೊಸೂರು ಸೀಮೆಯು ಮದರಾಸು ಆಧಿಪತ್ಯದ ಸೇಲಂ ಜಿಲ್ಲೆಗೆ ಸೇರಿತ್ತು. ಬೆಂಗಳೂರಿನ ದಂಡುಪ್ರದೇಶವು ಬ್ರಿಟಿಷರ ಆಡಳಿತದಲ್ಲಿತ್ತು. ಚಳಿಜ್ವರವು ಬಡವ ಬಲ್ಲಿದರೆನ್ನದೆ ಎಲ್ಲರನ್ನೂ ಕಾಡುತ್ತಿತ್ತು. ಜೌಗು ನೆಲದಿಂದೇಳುವ ಕೆಟ್ಟ ಗಾಳಿಯೇ ಈ ಜ್ವರಕ್ಕೆ ಕಾರಣವೆಂದು ಲೋಕವೆಲ್ಲ ನಂಬಿತ್ತು. ಮಲೇರಿಯ ಎಂಬ ಇಟಲಿಯ ಮಾತಿಗೆ 'ಕೆಟ್ಟ ಗಾಳಿ' ಎಂದೇ ಅರ್ಥ. 1880ರಲ್ಲಿ ಫ್ರೆಂಚ್ ಸೈನ್ಯದ ವೈದ್ಯನಾದ ಲಾವೆರಾನ್ ಎಂಬಾತನು ಆಲ್ಜೀರಿಯ ದೇಶದಲ್ಲಿ ರೋಗಿಯೊಬ್ಬನ ರಕ್ತವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ, ಅದರಲ್ಲಿ ಕಪ್ಪು ವರ್ಣದ ಕಣಗಳಿಂದ ಕೂಡಿದ ಸಜೀವ ಪರೋಪಜೀವಿಯನ್ನು ಕಂಡನು. ರೋಗದ ಬೀಜವು ರಕ್ತದಲ್ಲಿದೆಯೆಂಬುದು ಹೀಗೆ ತಿಳಿಯಿತು. ಆದರೆ ಅದು ಒಬ್ಬನ ರಕ್ತದಿಂದ ಇನ್ನೊಬ್ಬನ ರಕ್ತಕ್ಕೆ ದಾಟುವುದು ಹೇಗೆ? ಆ ಪ್ರಶ್ನೆ ಹಾಗೆಯೇ ಉಳಿಯಿತು.

ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದ ರೋನಾಲ್ಡ್ ರಾಸ್ 1857ರಲ್ಲಿ ಹಿಮಾಲಯದ ಆಲ್ಮೋರದಲ್ಲಿ ಹುಟ್ಟಿದವನು. 1881ರಲ್ಲಿ ಭಾರತದ ವೈದ್ಯ ಸೇವೆಗೆ ಸೇರಿ, 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದನು. ಅಲ್ಲಿ ಅವನಿಗೆ ದೊರೆತ ಬಂಗಲೆ ಚೆನ್ನಾಗಿಯೇ ಇತ್ತು. ಆದರೆ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಇತರ ಕೊಠಡಿಗಳಿಗಿಂತ ತನ್ನ ಕೊಠಡಿಯಲ್ಲಿಯೇ ಅವು ಹೆಚ್ಚಾಗಿರುವುದನ್ನು ಗಮನಿಸಿ ಅವನು ಕಾರಣವನ್ನು ಹುಡುಕಿದನು. ಕಿಟಕಿಯ ಹೊರಗೆ ಒಂದು ನೀರಿನ ತೊಟ್ಟಿ. ಅದರ ತುಂಬ ಹೊರಳಾಡುವ ಮರಿಹುಳುಗಳು. ತೊಟ್ಟಿಯನ್ನು ಬೋರಲು ಹಾಕಿಸಿದನು. ಸೊಳ್ಳೆಗಳು ಬಹುಮಟ್ಟಿಗೆ ಮಾಯವಾದವು. ಇದೇ ಉಪಾಯವನ್ನು ಭೋಜನಶಾಲೆಯ ಸುತ್ತಲೂ ಮಾಡೋಣವೆಂದು ಅಧಿಕಾರಿಯೊಬ್ಬನಿಗೆ ಸೂಚಿಸಿದಾಗ, ದೇವರು ಸೊಳ್ಳೆಗಳನ್ನು ಏನೋ ಒಂದು ಉದ್ದೇಶದಿಂದಲೇ ಸೃಷ್ಟಿಸಿರಬೇಕು, ಸಹಿಸಿಕೊಳ್ಳುವುದೇ ಸರಿ ಎಂಬ ಅರ್ಥದ ಉತ್ತರ ಬಂದಿತಂತೆ! ಅಂದು ರಾಸನಿಗೆ ಸೊಳ್ಳೆಗೂ ಜ್ವರಕ್ಕೂ ಇರುವ ನಂಟು ತಿಳಿದಿರಲಿಲ್ಲ. ಆದರೆ ಕಂಡದ್ದನ್ನು ಕಾರಣದವರೆಗೆ ಬೆನ್ನಟ್ಟುವ ಗುಣ ಅಂದೇ ಕಾಣಬರುತ್ತದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಇದೇ ರಾಸ್ ಮೊದಮೊದಲು ತಪ್ಪು ಲೇಖನಗಳನ್ನೂ ಬರೆದವನೇ. ಲಾವೆರಾನನ ಪರೋಪಜೀವಿಯನ್ನು ತನ್ನ ರೋಗಿಗಳ ರಕ್ತದಲ್ಲಿ ಕಾಣಲಾರದೆ, ಅದು ಬರಿಯ ಭ್ರಮೆಯೆಂದೂ, ಜ್ವರಕ್ಕೆ ಕರುಳಿನ ದೋಷವೇ ಕಾರಣವೆಂದೂ ಅವನು ವಾದಿಸಿದ್ದನು. ತಾನು ಕಾಣದಿದ್ದುದನ್ನು ಇಲ್ಲವೆಂದು ಬರೆದುದೇ ಅವನ ತಪ್ಪು. 'ನಮಗೆ ಕಾಣಲಿಲ್ಲ' ಎಂಬುದು ಒಂದು ಮಾತು. 'ಅದು ಇಲ್ಲ' ಎಂಬುದು ಬೇರೆಯೇ ಮಾತು. 1894ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾಗ, ಲಂಡನ್ನಿನ ಹಿರಿಯ ವೈದ್ಯನಾದ ಪ್ಯಾಟ್ರಿಕ್ ಮ್ಯಾನ್‌ಸನ್ ಅವನಿಗೆ ಆ ಪರೋಪಜೀವಿಯನ್ನು ಕಣ್ಣಾರೆ ತೋರಿಸಿಕೊಟ್ಟನು. ರಾಸ್ ತನ್ನ ತಪ್ಪನ್ನು ಒಪ್ಪಿಕೊಂಡನು. ಈ ಜೀವಿಯು ರಕ್ತ ಹೀರುವ ಸೊಳ್ಳೆಯ ದೇಹದಲ್ಲಿ ಮುಂದಿನ ಬೆಳವಣಿಗೆಯನ್ನು ಪಡೆಯುತ್ತಿರಬಹುದೆಂಬುದು ಮ್ಯಾನ್‌ಸನ್ನನ ಊಹೆ. ಅದನ್ನು ಅವನು ಅದೇ ವರ್ಷದ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದನು. ಊಹೆ ಗುರುವಿನದು, ಪರೀಕ್ಷಿಸುವ ಹೊಣೆ ಶಿಷ್ಯನದು. ಅಲ್ಲಿಂದ ಮುಂದೆ ಇವರಿಬ್ಬರ ನಡುವೆ ಹಡಗಿನ ಅಂಚೆಯಲ್ಲಿ ನೂರಕ್ಕೂ ಹೆಚ್ಚು ಪತ್ರಗಳು ಓಡಾಡಿದವು.

1895ರಲ್ಲಿ ರಾಸ್ ಸಿಕಂದರಾಬಾದಿಗೆ ಬಂದು ಕೆಲಸವನ್ನಾರಂಭಿಸಿದನು. ಕೆಲವೇ ತಿಂಗಳಲ್ಲಿ, ಬೆಂಗಳೂರಿನಲ್ಲಿ ಕಾಲರಾ ಹರಡಿದ್ದರಿಂದ ಅವನನ್ನು ಅಲ್ಲಿಯ ನೈರ್ಮಲ್ಯದ ವಿಶೇಷ ಕೆಲಸಕ್ಕೆ ಕಳುಹಿಸಲಾಯಿತು. ಹಗಲೆಲ್ಲ ಚರಂಡಿ, ಬಾವಿ, ಬೀದಿಗಳ ತನಿಖೆ. ಉಳಿದ ಹೊತ್ತಿನಲ್ಲಿ ಸೊಳ್ಳೆಗಳ ಛೇದನ. 1896ರಲ್ಲಿ ಇಲ್ಲಿ ನಡೆದ ಒಂದು ಘಟನೆಯನ್ನು ಕನ್ನಡಿಗರಾದ ನಾವು ಮರೆಯಲಾಗದು. ಮಲೇರಿಯ ರೋಗಿಗಳ ರಕ್ತವನ್ನು ಹೀರಿದ ಸೊಳ್ಳೆಗಳಿಂದ ತನ್ನನ್ನು ಕಡಿಸಿಕೊಳ್ಳಲು ಬೌರಿಂಗ್ ಆಸ್ಪತ್ರೆಯ ಸಹಾಯಕ ವೈದ್ಯನೊಬ್ಬನು ತಾನಾಗಿಯೇ ಮುಂದೆ ಬಂದನು. ಇಂಗ್ಲಿಷ್ ಬರಹಗಳಲ್ಲಿ ಅವನ ಹೆಸರು 'ಆಪಿಯ' ಎಂದಿದೆ. ನಮ್ಮ ಕಿವಿಗೆ ಅದು ಅಪ್ಪಯ್ಯ ಎಂದೇ ಕೇಳಿಸುತ್ತದೆ. ಜ್ವರವು ಬರಬಹುದೆಂದು ತಿಳಿದೂ ತನ್ನ ತೋಳನ್ನು ಚಾಚಿದ ಆ ವೈದ್ಯನಿಗೆ ಜ್ವರವು ಬರಲಿಲ್ಲ.

ಇದು ಸೋಲೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಕಾರಣವು ಮುಂದೆ ತಿಳಿಯಿತು: ರಾಸ್ ಅದುವರೆಗೂ ಪ್ರಯೋಗಿಸುತ್ತಿದ್ದುದು ಮನೆಗಳ ಸುತ್ತ ಸುಲಭವಾಗಿ ಸಿಕ್ಕುವ ಬೂದುಬಣ್ಣದ ಮತ್ತು ಪಟ್ಟೆಕಾಲಿನ ಸೊಳ್ಳೆಗಳನ್ನು. ಮನುಷ್ಯನ ಮಲೇರಿಯವನ್ನು ಹೊರುವ ಜಾತಿ ಅವಲ್ಲ. ಎರಡು ವರ್ಷಗಳ ಶ್ರಮವು ತಪ್ಪು ಜಾತಿಯ ಸೊಳ್ಳೆಗಳ ಮೇಲೆ ವ್ಯಯವಾಗಿತ್ತು! ಆದರೂ ಅವನು ಪ್ರತಿಯೊಂದು ಸೊಳ್ಳೆಯ ವಿವರವನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುದರಿಂದ, ಆ ಸೋಲುಗಳೇ ಮುಂದೆ ಸಾಕ್ಷಿಗಳಾದವು. ಸಾಮಾನ್ಯ ಸೊಳ್ಳೆಯ ಹೊಟ್ಟೆಯಲ್ಲಿ ಏನೇನಿರುತ್ತದೆಂಬುದನ್ನು ನೂರಾರು ಬಾರಿ ನೋಡಿದ್ದವನಿಗಲ್ಲದೆ, ಅಸಾಮಾನ್ಯವಾದುದು ಎದುರಿಗೆ ಬಂದಾಗ ಅದು ಅಸಾಮಾನ್ಯವೆಂದು ತಿಳಿಯುವುದು ಹೇಗೆ?

1897ರಲ್ಲಿ ಅವನು ನೀಲಗಿರಿಯ ಬುಡದ ಸೀಗೂರು ಕಣಿವೆಗೆ ಹೋದನು. ಅಲ್ಲಿ ಅವನಿಗೇ ಮಲೇರಿಯ ತಗುಲಿತು. ಅಲ್ಲಿಯೇ ರೆಕ್ಕೆಯ ಮೇಲೆ ಚುಕ್ಕೆಗಳುಳ್ಳ, ಗೋಡೆಯ ಮೇಲೆ ಹಿಂಭಾಗವನ್ನು ಎತ್ತಿ ಓರೆಯಾಗಿ ಕೂರುವ ಬೇರೊಂದು ಬಗೆಯ ಸೊಳ್ಳೆ ಅವನ ಕಣ್ಣಿಗೆ ಬಿದ್ದಿತು. ಸಿಕಂದರಾಬಾದಿಗೆ ಹಿಂದಿರುಗಿದ ಮೇಲೆ ಅಂಥ ಸೊಳ್ಳೆಗಳ ಮರಿಗಳನ್ನು ತರಿಸಿ, ಬಾಟಲಿಯಲ್ಲಿ ಸಾಕಿ, ಆಗಸ್ಟ್ 16ರಂದು ಹುಸೇನ್ ಖಾನ್ ಎಂಬ ರೋಗಿಯ ಮೇಲೆ ಬಿಟ್ಟನು. ಒಂದು ಕಡಿತಕ್ಕೆ ಒಂದಾಣೆಯ ಕೂಲಿ. ಹತ್ತು ಸೊಳ್ಳೆಗಳು ರಕ್ತವನ್ನು ಹೀರಿದವು. ಹುಸೇನ್ ಖಾನನಿಗೆ ಹತ್ತಾಣೆ ಸಂದಿತು.

ಆ ದಿನಗಳ ಸೆಕೆಯನ್ನು ರಾಸ್ ತಾನೇ ವರ್ಣಿಸಿದ್ದಾನೆ. ಪಂಖವನ್ನು ಬೀಸಿಸುವಂತಿಲ್ಲ, ಛೇದಿಸಿದ ಸೊಳ್ಳೆ ಹಾರಿಹೋದೀತು! ಹಣೆಯ ಬೆವರು ತೊಟ್ಟಿಕ್ಕಿ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು; ಉಳಿದಿದ್ದ ಒಂದೇ ಕಣ್ಣುಗಾಜು ಬಿರುಕು ಬಿಟ್ಟಿತ್ತು. ಆಗಸ್ಟ್ 20ರಂದು, ರಕ್ತ ಹೀರಿ ನಾಲ್ಕು ದಿನ ಕಳೆದಿದ್ದ ಒಂದು ಸೊಳ್ಳೆಯ ಜಠರದ ಗೋಡೆಯಲ್ಲಿ, ಎಂದೂ ಕಾಣದಿದ್ದ ದುಂಡನೆಯ ಕೋಶಗಳು ಕಂಡವು. ಅವುಗಳೊಳಗೆ ಕಪ್ಪು ಕಣಗಳು! ಮಲೇರಿಯದ ಪರೋಪಜೀವಿಯಲ್ಲಿ ಇರುವಂಥ ಕಣಗಳೇ ಅವು. ಮರುದಿನ ಉಳಿದಿದ್ದ ಕೊನೆಯ ಸೊಳ್ಳೆಯನ್ನು ಛೇದಿಸಿದನು. ಅದರಲ್ಲಿಯೂ ಅವೇ ಕೋಶಗಳು. ಆದರೆ ಹಿಂದಿನ ದಿನಕ್ಕಿಂತ ದೊಡ್ಡವು. ಅಂದರೆ ಅವು ಬೆಳೆಯುತ್ತಿದ್ದವು. ಆಗಸ್ಟ್ 20ನ್ನು ಈಗ ಜಗತ್ತು ಸೊಳ್ಳೆಯ ದಿನವೆಂದು ಆಚರಿಸುತ್ತಿದೆ.

ಇನ್ನು ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಇಷ್ಟು ದೊಡ್ಡ ಸಂಗತಿಯನ್ನು ಕಂಡವನು ಯಾವ ಶೀರ್ಷಿಕೆಯನ್ನು ಕೊಟ್ಟಾನು? 'ಮಲೇರಿಯದ ರಹಸ್ಯ ಬಯಲಾಯಿತು' ಎಂದು ಬರೆಯಬಹುದಾಗಿತ್ತು. ರಾಸ್ ಹಾಗೆ ಬರೆಯಲಿಲ್ಲ. 'ಮಲೇರಿಯ ರಕ್ತವನ್ನು ಹೀರಿದ ಎರಡು ಸೊಳ್ಳೆಗಳಲ್ಲಿ ಕಂಡುಬಂದ ಕೆಲವು ವಿಚಿತ್ರ ವರ್ಣಯುಕ್ತ ಕೋಶಗಳನ್ನು ಕುರಿತು' ಎಂಬುದು ಅವನ ಶೀರ್ಷಿಕೆಯ ತಾತ್ಪರ್ಯ. ವಾಚಕರು ಈ ಶೀರ್ಷಿಕೆಯನ್ನು ಪದಪದವಾಗಿ ಬಿಡಿಸಿ ನೋಡಬೇಕು. 'ಕೆಲವು' ಎಂದನು, ಏಕೆಂದರೆ ಕಂಡದ್ದು ಕೆಲವೇ. 'ವಿಚಿತ್ರ' ಎಂದನು, ಏಕೆಂದರೆ ಹಿಂದೆ ಕಂಡಿರಲಿಲ್ಲ. 'ಕೋಶಗಳು' ಎಂದನು, ಪರೋಪಜೀವಿ ಎನ್ನಲಿಲ್ಲ, ಅದು ಇನ್ನೂ ಸಿದ್ಧವಾಗಬೇಕಾಗಿತ್ತು. 'ಎರಡು ಸೊಳ್ಳೆಗಳು' ಎಂದನು. ತನ್ನ ಸಾಕ್ಷ್ಯದ ದೌರ್ಬಲ್ಯವನ್ನು ಅವನು ಶೀರ್ಷಿಕೆಯಲ್ಲಿಯೇ ಒಪ್ಪಿಕೊಂಡನು! ಮನಸ್ಸಿನಲ್ಲಿ ಅವನಿಗೆ ಸಂದೇಹವಿರಲಿಲ್ಲ. ಆ ರಾತ್ರಿ ಅವನು ಸಂತೋಷದಿಂದ ಕವಿತೆಯನ್ನೂ ಬರೆದನು. ಆದರೆ ಕವಿತೆಯಲ್ಲಿ ಹೇಳಬಹುದಾದುದನ್ನು ಹಸ್ತಪ್ರತಿಯಲ್ಲಿ ಹೇಳಬಾರದೆಂಬ ವಿವೇಕ ಅವನಿಗಿತ್ತು.

ಎರಡನೆಯದಾಗಿ, ಅವನು ತನ್ನ ಕಣ್ಣೊಂದನ್ನೇ ನಂಬಲಿಲ್ಲ. ತನ್ನ ಜೊತೆಯ ವೈದ್ಯಾಧಿಕಾರಿ ಸ್ಮಿತ್ ಎಂಬಾತನಿಗೆ ಕೋಶಗಳನ್ನು ತೋರಿಸಿ, ಅವನ ಟಿಪ್ಪಣಿಯನ್ನು ಲೇಖನದೊಡನೆ ಸೇರಿಸಿದನು. ಸೊಳ್ಳೆಯ ಜಠರವನ್ನು ಗಾಜಿನ ಹಲಗೆಗಳ ಮೇಲೆ ಕೆಡದಂತೆ ಉಳಿಸಿ ಲಂಡನ್ನಿಗೆ ಕಳುಹಿಸಿದನು. ಅಲ್ಲಿ ಮ್ಯಾನ್‌ಸನ್, ಥಿನ್, ಬ್ಲಾಂಡ್ ಸಟನ್ ಎಂಬ ಮೂವರು ಅವನ್ನು ಪರೀಕ್ಷಿಸಿ ತಮ್ಮ ಅಭಿಪ್ರಾಯಗಳನ್ನು ಕೊಟ್ಟರು. ಆ ಅಭಿಪ್ರಾಯಗಳೂ ಲೇಖನದ ಜೊತೆಗೆ ಅಚ್ಚಾದವು. ಇಂದು ಪತ್ರಿಕೆಗಳು ಹಸ್ತಪ್ರತಿಯನ್ನು ಅಚ್ಚು ಮಾಡುವ ಮೊದಲು ಅದೇ ವಿಷಯದ ತಜ್ಞರಿಗೆ ಕಳುಹಿಸಿ ಗುಣದೋಷ ವಿಚಾರಣೆ ಮಾಡಿಸುತ್ತವೆ. ಆ ಪದ್ಧತಿಯ ಮೂಲಭಾವವನ್ನು ನಾವು ಇಲ್ಲಿಯೇ ಕಾಣಬಹುದು.

ಲೇಖನವು ಸಮುದ್ರದ ಮೇಲಿರುವಾಗಲೇ ರಾಸನಿಗೆ ವರ್ಗಾವಣೆಯಾಯಿತು. ಮಲೇರಿಯವೇ ವಿರಳವಾಗಿದ್ದ ರಾಜಪುತಾನದ ಖೇರವಾಡಕ್ಕೆ ಅವನು ಹೋಗಬೇಕಾಯಿತು. ವರ್ಗಾವಣೆಯ ಕಷ್ಟವನ್ನು ಉಪಾಧ್ಯಾಯರಿಗೆ ನಾವು ವಿವರಿಸಬೇಕಾದ್ದಿಲ್ಲ! ಕೊನೆಗೆ 1897ರ ಡಿಸೆಂಬರ್ 18ರ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಲೇಖನವು ಪ್ರಕಟವಾಯಿತು. ಸೊಳ್ಳೆಯನ್ನು ಛೇದಿಸಿದ ದಿನದಿಂದ ಲೆಕ್ಕ ಹಾಕಿದರೆ ಸುಮಾರು ನಾಲ್ಕು ತಿಂಗಳು. 1898ರ ಫೆಬ್ರವರಿ 26ರ ಸಂಚಿಕೆಯಲ್ಲಿ ಇದೇ ಕೋಶಗಳನ್ನು ಕುರಿತು ಇನ್ನೊಂದು ಲೇಖನವು ಹೊರಬಂದಿತು. ಎರಡು ಸೊಳ್ಳೆಗಳ ಸಾಕ್ಷ್ಯವು ಸಾಲದೆಂಬುದನ್ನು ಅವನು ಮರೆಯಲಿಲ್ಲ. ಅದೇ ವರ್ಷ ಕಲ್ಕತ್ತೆಯಲ್ಲಿ, ಮಹಮದ್ ಬಕ್ಷ್ ಎಂಬ ಸಹಾಯಕನ ನೆರವಿನಿಂದ, ಹಕ್ಕಿಗಳ ಮಲೇರಿಯವನ್ನು ಆರಿಸಿಕೊಂಡು, ಪರೋಪಜೀವಿಯು ಸೊಳ್ಳೆಯ ಜಠರದಿಂದ ಲಾಲಾಗ್ರಂಥಿಗೆ ಬಂದು, ಕಡಿತದ ಮೂಲಕ ಮತ್ತೊಂದು ಹಕ್ಕಿಯನ್ನು ಸೇರುವುದನ್ನು ತೋರಿಸಿದನು. ಮನುಷ್ಯನ ಮಲೇರಿಯದ ಪೂರ್ಣ ಚಕ್ರವನ್ನು ಅನಾಫಿಲಿಸ್ ಸೊಳ್ಳೆಯಲ್ಲಿ ತೋರಿಸಿಕೊಟ್ಟವರು ಇಟಲಿಯ ಗ್ರಾಸಿ ಮತ್ತು ಅವನ ಸಂಗಡಿಗರು. ಯಾರು ಮೊದಲು ಎಂಬ ಜಗಳವು ಬಹುಕಾಲ ನಡೆಯಿತು. ಅಂಥ ಜಗಳದಲ್ಲಿ ನ್ಯಾಯವನ್ನು ಹೇಳುವುದು ನೆನಪಲ್ಲ, ತಾರೀಖಿನೊಡನೆ ಅಚ್ಚಾದ ಹಾಳೆ. 1902ರ ನೊಬೆಲ್ ಬಹುಮಾನವು ರಾಸನಿಗೆ ಸಂದಿತು, ಲಾವೆರಾನನಿಗೆ 1907ರಲ್ಲಿ.

ಈ ಲೇಖನದಲ್ಲಿ ಒಂದು ಕೊರತೆಯೂ ಇತ್ತು. ಚುಕ್ಕೆ ರೆಕ್ಕೆಯ ಆ ಸೊಳ್ಳೆಯ ಶಾಸ್ತ್ರೀಯ ನಾಮವು ರಾಸನಿಗೆ ತಿಳಿದಿರಲಿಲ್ಲ. ಅವನು ಅದರ ರೂಪವನ್ನಷ್ಟೇ ವರ್ಣಿಸಿದನು. ಗ್ರಾಸಿಯು ಪ್ರಾಣಿಶಾಸ್ತ್ರಜ್ಞನಾದುದರಿಂದ ಜಾತಿಯನ್ನು ಹೆಸರಿಸಿ ಹೇಳಬಲ್ಲವನಾದನು. ಹೆಸರು ಗೊತ್ತಿಲ್ಲದಿದ್ದರೆ ರೂಪವನ್ನು ನಿಷ್ಠೆಯಿಂದ ವರ್ಣಿಸು. ಊಹಿಸಿ ಹೆಸರಿಡಬೇಡ ಎಂಬ ನೀತಿಯನ್ನು ಇಲ್ಲಿ ನಾವು ಕಲಿಯಬಹುದು. ನಮ್ಮ ಕನ್ನಡ ನಾಡಿನಲ್ಲಿಯೇ 1957ರಲ್ಲಿ ಇಂಥದೊಂದು ಸಂದರ್ಭವು ಒದಗಿತು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಹಳ್ಳಿಗರಿಗೆ ತೀವ್ರವಾದ ಜ್ವರ ಬಂದಿತು. ಇದು ಹಳದಿ ಜ್ವರವಿರಬಹುದೇ ಎಂಬ ಭಯ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಆತುರಪಡದೆ ಪರೀಕ್ಷಿಸಿ, ಅದು ಉಣ್ಣೆಗಳಿಂದ ಹರಡುವ ಹೊಸ ರೋಗವೆಂದು ಕಂಡುಹಿಡಿದರು. ಅವರ ಬರಹಗಳ ಮೂಲಕ ಕ್ಯಾಸನೂರು ಎಂಬ ಕನ್ನಡದ ಹೆಸರು ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು.

ಇಂದು ವೈದ್ಯಕೀಯ ಲೇಖನದ ರಚನೆಗೆ ಒಂದು ಗೊತ್ತಾದ ಕ್ರಮವಿದೆ. ಮೊದಲು ಸಾರಾಂಶ; ಬಳಿಕ ನಾಲ್ಕು ಭಾಗಗಳು. ಈ ಪ್ರಶ್ನೆಯನ್ನು ಏಕೆ ಎತ್ತಿಕೊಂಡೆವು? ಹೇಗೆ ಪರೀಕ್ಷಿಸಿದೆವು? ಏನನ್ನು ಕಂಡೆವು? ಕಂಡದ್ದರ ಅರ್ಥವೇನು? ಮೂರನೆಯದನ್ನೂ ನಾಲ್ಕನೆಯದನ್ನೂ ಬೆರೆಸಬಾರದು. ಕಂಡದ್ದು ಬೇರೆ, ಅರ್ಥೈಸಿದ್ದು ಬೇರೆ. ವಿಧಾನವನ್ನು ಓದಿದ ಇನ್ನೊಬ್ಬನು ಅದೇ ಪ್ರಯೋಗವನ್ನು ತನ್ನೂರಿನಲ್ಲಿ ಮಾಡಲು ಸಾಧ್ಯವಾಗಬೇಕು. 1978ರಲ್ಲಿ ಕೆನಡ ದೇಶದ ವ್ಯಾಂಕೂವರ್ ನಗರದಲ್ಲಿ ಕೆಲವು ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಸೇರಿ, ಹಸ್ತಪ್ರತಿಗಳು ಹೇಗಿರಬೇಕೆಂಬುದಕ್ಕೆ ಸಮಾನ ನಿಯಮಗಳನ್ನು ರೂಪಿಸಲಾರಂಭಿಸಿದರು. ಲೇಖಕನೆಂದು ಹೆಸರು ಹಾಕಿಕೊಳ್ಳುವವನು ಕೆಲಸದಲ್ಲಿ ನಿಜವಾಗಿ ಪಾಲುಗೊಂಡಿರಬೇಕು, ಬರೆಯುವುದರಲ್ಲಿಯೋ ತಿದ್ದುವುದರಲ್ಲಿಯೋ ಕೈಯಿಟ್ಟಿರಬೇಕು, ಕೊನೆಯ ಪ್ರತಿಯನ್ನು ಒಪ್ಪಿರಬೇಕು, ಅದಕ್ಕೆ ಉತ್ತರವಾದಿಯಾಗಿರಬೇಕು. ಬರಿಯ ಅಧಿಕಾರದಿಂದ ಯಾರೂ ಲೇಖಕರಾಗಲಾರರು. ನೆರವಾದ ಉಳಿದವರಿಗೆ ಕೃತಜ್ಞತೆಯ ಸಾಲುಗಳಿವೆ.

ಇನ್ನೊಂದು ಮಹತ್ವದ ಬದಲಾವಣೆಯೂ ಆಗಿದೆ. 1964ರಲ್ಲಿ ಹೆಲ್ಸಿಂಕಿಯಲ್ಲಿ ವೈದ್ಯರ ವಿಶ್ವ ಸಂಘವು ಮಾಡಿದ ಘೋಷಣೆಯ ಬಳಿಕ, ಮನುಷ್ಯನ ಮೇಲಿನ ಪ್ರಯೋಗಕ್ಕೆ ಅವನ ತಿಳಿವಳಿಕೆಯ ಒಪ್ಪಿಗೆ ಬೇಕೆಂಬ ನಿಯಮವು ಎಲ್ಲೆಡೆ ಬೇರೂರಿತು. ಹುಸೇನ್ ಖಾನನಿಗೆ ಹತ್ತಾಣೆ ಸಿಕ್ಕಿತು. ಆದರೆ ತನ್ನ ರಕ್ತವು ಯಾವ ಕಾರ್ಯಕ್ಕೆ ಸಲ್ಲುತ್ತಿದೆಯೆಂಬುದನ್ನು ಅವನಿಗೆ ಯಾರಾದರೂ ವಿವರಿಸಿದರೇ? ಬೌರಿಂಗ್ ಆಸ್ಪತ್ರೆಯ ಅಪ್ಪಯ್ಯನಂತೆ ಅವನಿಗೂ ವಿಷಯವು ತಿಳಿದಿತ್ತೇ? ಇಂದು ಈ ಪ್ರಶ್ನೆಗಳಿಗೆ ಹಸ್ತಪ್ರತಿಯಲ್ಲಿಯೇ ಉತ್ತರವಿರಬೇಕು. ಇಲ್ಲದಿದ್ದರೆ ಪತ್ರಿಕೆಯು ಅದನ್ನು ಸ್ವೀಕರಿಸುವುದಿಲ್ಲ.

ಈ ಚರಿತ್ರೆಯನ್ನು ಬರೆಯಲು ನಮಗೆ ಪ್ರೇರಣೆಯಾದುದು ನಮ್ಮದೇ ಒಂದು ತಪ್ಪು. ಅದನ್ನು ಹೇಳದೆ ಮುಗಿಸಿದರೆ ರಾಸನ ಲೇಖನದಿಂದ ನಾವು ಏನನ್ನೂ ಕಲಿಯಲಿಲ್ಲವೆಂದಾಗುತ್ತದೆ. ಒಂದು ವರ್ಷ ಮಳೆಗಾಲದ ತರುವಾಯ, ಐದನೆಯ ತರಗತಿಯ ಮಕ್ಕಳನ್ನು ನೀರಿನ ತೊಟ್ಟಿಯ ಬಳಿಗೆ ಕರೆದೊಯ್ದು, ಸೊಳ್ಳೆಯ ಮರಿಗಳನ್ನು ನೋಡಿ ಬರೆಯಿರೆಂದು ಹೇಳಿದೆವು. ಹೆಚ್ಚು ಕಡಮೆ ಎಲ್ಲರೂ ಪುಸ್ತಕದಲ್ಲಿದ್ದಂತೆ, ಮರಿಗಳು ತಲೆಕೆಳಗಾಗಿ ಓರೆಯಾಗಿ ತೂಗುತ್ತವೆ ಎಂದು ಬರೆದರು. ಒಬ್ಬ ಹುಡುಗಿ ಮಾತ್ರ 'ಕೆಲವು ತೂಗುತ್ತವೆ, ಕೆಲವು ನೀರಿನ ಮೇಲೆ ಚಪ್ಪಟೆಯಾಗಿ ಮಲಗಿವೆ' ಎಂದು ಬರೆದಳು. ಪುಸ್ತಕದಲ್ಲಿ ಇಲ್ಲವೆಂಬ ಕಾರಣಕ್ಕೆ ನಾವು ಆ ಸಾಲನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿದೆವು. ಅವಳು ಏನನ್ನೂ ಹೇಳಲಿಲ್ಲ. ಮುಂದಿನ ಪಾಠಗಳಲ್ಲಿ ಅವಳೂ ಎಲ್ಲರಂತೆ ಪುಸ್ತಕವನ್ನು ನೋಡಿಯೇ ಬರೆಯತೊಡಗಿದಳು.

ಬಹುಕಾಲದ ಮೇಲೆ ಮಲೇರಿಯದ ವಿಷಯವನ್ನು ಓದುವಾಗ ನಮಗೆ ತಿಳಿಯಿತು: ಸಾಮಾನ್ಯ ಸೊಳ್ಳೆಯ ಮರಿಗೆ ಬಾಲದಲ್ಲಿ ಉಸಿರು ನಳಿಗೆಯಿರುವುದರಿಂದ ಅದು ತಲೆಕೆಳಗಾಗಿ ತೂಗುತ್ತದೆ. ಅನಾಫಿಲಿಸ್ ಸೊಳ್ಳೆಯ ಮರಿಗೆ ಆ ನಳಿಗೆಯಿಲ್ಲ. ಆದುದರಿಂದ ಅದು ನೀರಿನ ಮೇಲ್ಮೈಗೆ ಸಮನಾಗಿ ಮಲಗಿರುತ್ತದೆ. ಹುಡುಗಿ ಕಂಡದ್ದನ್ನೇ ಬರೆದಿದ್ದಳು. ಮಲೇರಿಯವನ್ನು ತರುವ ಜಾತಿ ನಮ್ಮ ತೊಟ್ಟಿಯಲ್ಲಿಯೇ ಇದ್ದಿರಬಹುದೆಂಬ ಎಚ್ಚರಿಕೆಯನ್ನು ಅವಳು ಕೊಟ್ಟಿದ್ದಳು. ನಾವು ಅದನ್ನು ಅಳಿಸಿದ್ದೆವು. ಅಷ್ಟು ಹೊತ್ತಿಗೆ ಅವಳು ನಮ್ಮ ಶಾಲೆಯನ್ನು ಬಿಟ್ಟುಹೋಗಿದ್ದಳು. 'ನೀನು ಬರೆದದ್ದು ಸರಿ' ಎಂದು ಹೇಳುವ ಭಾಗ್ಯವು ನಮಗೆ ಇದುವರೆಗೆ ಒದಗಲಿಲ್ಲ.

ಸಂಶೋಧನಾ ಲೇಖನವನ್ನು ಬರೆಯುವ ವಿದ್ಯೆ ದೊಡ್ಡ ಆಸ್ಪತ್ರೆಗಳಲ್ಲಿ ಆರಂಭವಾಗುವುದಿಲ್ಲ. ಕಂಡದ್ದನ್ನು ಕಂಡಷ್ಟೇ ಬರೆಯುವುದು, ಊಹೆಯನ್ನು ಊಹೆಯೆಂದೇ ಹೇಳುವುದು, ಎರಡು ಸೊಳ್ಳೆಗಳನ್ನು ಎರಡೆಂದೇ ಎಣಿಸುವುದು, ಇನ್ನೊಬ್ಬರ ಕಣ್ಣಿಗೆ ತೋರಿಸುವುದು, ನೆರವಾದವರನ್ನು ನೆನೆಯುವುದು, ಇವೆಲ್ಲವೂ ಮಗುವಿನ ನೋಟುಪುಸ್ತಕದಲ್ಲಿ ಆರಂಭವಾಗತಕ್ಕವು. ಕನ್ನಡದಲ್ಲಿ ಕಲಿಯುತ್ತಿರುವ ನಮ್ಮ ಗಡಿನಾಡಿನ ಮಕ್ಕಳು ಮುಂದೆ ಯಾವ ಭಾಷೆಯಲ್ಲಿ ಲೇಖನವನ್ನು ಬರೆದರೂ, ನೋಡುವ ಅಭ್ಯಾಸವನ್ನು ಮೊದಲು ಈ ಭಾಷೆಯಲ್ಲಿಯೇ ಪಡೆಯಬೇಕು. ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಪುಸ್ತಕದಲ್ಲಿಲ್ಲದ ಸಾಲೊಂದು ಮಗುವಿನ ಬರಹದಲ್ಲಿ ಕಂಡಾಗ, ಕೆಂಪು ಶಾಯಿಯನ್ನು ಕೆಳಗಿಟ್ಟು, ಒಮ್ಮೆ ತೊಟ್ಟಿಯ ಬಳಿಗೆ ಹೋಗಿ ನೋಡಿ ಬನ್ನಿ.